ಪಿಂಗ್ ಆಗುತ್ತದೆ, ಆದರೆ ಸ್ಕ್ವಿಡ್ ಮೂಲಕ ಒಳಗಿನ ಸರ್ವರ್ ಹೆಸರು ರಿಸಾಲ್ವ್ ಆಗುತ್ತಿಲ್ಲ

ಹೊಸಗುಬ್ಬಿ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಸಮಸ್ಯೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಯಾರಾದರೂ ದಾರಿ ತೋರಿಸಿ.

ನಮ್ಮಲ್ಲಿ ಸುಮಾರು 40 ಕಂಪ್ಯೂಟರ್‌ಗಳಿವೆ. ಎಲ್ಲದರ ಬ್ರೌಸರ್‌ನಲ್ಲೂ ಪ್ರಾಕ್ಸಿ (ಬ್ರೌಸರ್ ಪರವಾಗಿ ಪುಟ ತಂದುಕೊಡುವ ನಡುವಿನ ಮಷೀನ್) ಸೆಟ್ ಮಾಡಿದ್ದೇನೆ. ಪ್ರಾಕ್ಸಿ ಸಾಫ್ಟ್‌ವೇರ್ ಸ್ಕ್ವಿಡ್, ಡೆಬಿಯನ್ ಲಿನಕ್ಸ್ ಮೇಲೆ ಓಡುತ್ತಿದೆ. ವಿಳಾಸ 192.168.10.5, ಪೋರ್ಟ್ 3128. ಹೊರಗಿನ ಸೈಟುಗಳೆಲ್ಲ ಚೆನ್ನಾಗಿ ಬರುತ್ತಿವೆ. ತೊಂದರೆ ಇರುವುದು ಒಳಗಿನ ವಿಕಿ ಸರ್ವರ್‌ನದು. ಅದರ ವಿಳಾಸ 192.168.10.20, ಹೆಸರು ಬರೀ ‘ವಿಕಿ’. ಬ್ರೌಸರ್‌ನಲ್ಲಿ ಆ ಹೆಸರು ಹಾಕಿದರೆ ಸ್ಕ್ವಿಡ್‌ನ ಎರರ್ ಪುಟ ಬರುತ್ತದೆ. ಹೋಸ್ಟ್ ಹೆಸರಿನಿಂದ ಐಪಿ ವಿಳಾಸ ಗೊತ್ತುಮಾಡಲು ಆಗಲಿಲ್ಲ ಅಂತ ಅದರಲ್ಲಿದೆ. ಹೆಸರಿನ ಬದಲು ಐಪಿ ಹಾಕಿದರೆ ಪುಟ ತಕ್ಷಣ ತೆರೆಯುತ್ತದೆ.

ನನ್ನ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅನ್ನುವ ಪಟ್ಟಿ) ಹೆಸರು ಸೇರಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ಪ್ರಾಕ್ಸಿ ಮಷೀನ್‌ಗೇ ಲಾಗಿನ್ ಆಗಿ ‘ಪಿಂಗ್ ವಿಕಿ’ ಅಂತ ಕೊಟ್ಟೆ. ಅಲ್ಲಿ ಸರಿಯಾಗಿ 192.168.10.20 ಬರುತ್ತಿದೆ! ಮಷೀನ್‌ಗೆ ಹೆಸರು ಗೊತ್ತು, ಅದರ ಮೇಲೆ ಓಡುವ ಸ್ಕ್ವಿಡ್‌ಗೆ ಮಾತ್ರ ಗೊತ್ತಿಲ್ಲ. ಇದು ಹೇಗೆ ಸಾಧ್ಯ?

ಜಾಲಗಾರ:

ಮೊದಲು ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲ್ ವಿಷಯ ಹೇಳಿಬಿಡುತ್ತೇನೆ. ಎಷ್ಟೋ ಜನ ಇಲ್ಲೇ ಅರ್ಧ ದಿನ ಕಳೆಯುತ್ತಾರೆ.

ಬ್ರೌಸರ್‌ನಲ್ಲಿ ಪ್ರಾಕ್ಸಿ ಸೆಟ್ ಮಾಡಿದ ಮೇಲೆ, ಹೆಸರನ್ನು ಐಪಿಗೆ ಬದಲಿಸುವ ಕೆಲಸ ಬ್ರೌಸರ್ ಮಾಡುವುದಿಲ್ಲ. ಪೂರ್ತಿ ಯುಆರ್‌ಎಲ್ ಅನ್ನು ಹಾಗೇ ಪ್ರಾಕ್ಸಿಗೆ ದಾಟಿಸುತ್ತದೆ. ಎಚ್‌ಟಿಟಿಪಿಎಸ್ ಆದರೂ ಅಷ್ಟೇ. ಕನೆಕ್ಟ್ ಕೋರಿಕೆಯಲ್ಲಿ ಹೆಸರು ಮತ್ತು ಪೋರ್ಟ್ ಹೋಗುತ್ತದೆ, ಐಪಿ ಅಲ್ಲ. ಬೇರೆಯವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದ ಹಾಗೆ. ಮನೆ ಎಲ್ಲಿದೆ ಅಂತ ಗೊತ್ತಿರಬೇಕಾದ್ದು ಹೋಗುವವರಿಗೆ, ಚೀಟಿ ಬರೆದವರಿಗಲ್ಲ. ಹಾಗಾಗಿ 40 ಕಂಪ್ಯೂಟರ್‌ಗಳ ಹೋಸ್ಟ್ಸ್ ಫೈಲ್ ತಿದ್ದಿದರೂ ಉಪಯೋಗವಿಲ್ಲ. ನೀವು ಸೇರಿಸಿದ ಸಾಲನ್ನು ತೆಗೆದುಬಿಡಿ, ಮುಂದೆ ಅದೇ ಗೊಂದಲ ಮಾಡುತ್ತದೆ.

ಪ್ರಾಕ್ಸಿ ಮಷೀನ್‌ನ ರಿಸಾಲ್ವ್ ಡಾಟ್ ಕಾನ್ಫ್ ಫೈಲ್‌ನಲ್ಲಿ (ಹೆಸರಿಗೆ ಐಪಿ ಹೇಳುವ ನೇಮ್‌ಸರ್ವರ್‌ಗಳ ವಿಳಾಸ ಇರುವ ಫೈಲ್) ಏನಿದೆ ಅಂತ ಹಾಕಿ. ಅದರಲ್ಲಿ ‘ಸರ್ಚ್’ ಅನ್ನುವ ಸಾಲು ಇದೆಯಾ?

ಇರುಳುಪಾಳಿ:

ಪಿಂಗ್ ಆಗಿ ಸ್ಕ್ವಿಡ್‌ನಲ್ಲಿ ಆಗದೇ ಇರುವುದಕ್ಕೆ ನೇರ ಕಾರಣವಿದೆ. ಇಬ್ಬರೂ ಒಂದೇ ದಾರಿಯಲ್ಲಿ ಹುಡುಕುವುದಿಲ್ಲ.

ಪಿಂಗ್ ಸಿಸ್ಟಮ್ ಲೈಬ್ರರಿಯನ್ನು ಕೇಳುತ್ತದೆ. ಆ ಲೈಬ್ರರಿ ಎನ್‌ಎಸ್‌ಸ್ವಿಚ್ ಫೈಲ್ ನೋಡಿ, ಅಲ್ಲಿ ಬರೆದಿರುವ ಮೂಲಗಳನ್ನು ಒಂದೊಂದಾಗಿ ಕೇಳುತ್ತದೆ. ಹೋಸ್ಟ್ಸ್ ಫೈಲ್, ಎಂಡಿಎನ್‌ಎಸ್ (ಅದೇ ಜಾಲದಲ್ಲಿರುವ ಎಲ್ಲರನ್ನೂ ಕೇಳುವುದು), ಡಿಎನ್‌ಎಸ್ (ನೇಮ್‌ಸರ್ವರ್ ಅನ್ನು ಕೇಳುವುದು), ಏನೇನಿದೆಯೋ ಎಲ್ಲ. ಚುಟುಕು ಹೆಸರು ಕೊಟ್ಟರೆ ಸರ್ಚ್ ಸಾಲಿನ ಡೊಮೈನ್ ಅನ್ನು ತಾನೇ ಅಂಟಿಸಿಯೂ ನೋಡುತ್ತದೆ.

ಸ್ಕ್ವಿಡ್ ಆ ಲೈಬ್ರರಿಯ ಹತ್ತಿರ ಹೋಗುವುದೇ ಇಲ್ಲ. ಅದರೊಳಗೇ ಸ್ವಂತ ಡಿಎನ್‌ಎಸ್ ಕ್ಲೈಂಟ್ ಇದೆ. ಕಾರಣವೂ ಸರಿಯಾಗಿದೆ. ಲೈಬ್ರರಿಯನ್ನು ಕೇಳಿದರೆ ಉತ್ತರ ಬರುವ ತನಕ ಕಾದು ನಿಲ್ಲಬೇಕು. ಒಂದೇ ಪ್ರೋಸೆಸ್‌ನಲ್ಲಿ ಸಾವಿರಾರು ಕನೆಕ್ಷನ್ ನಡೆಸುವವರು ಒಂದು ಹೆಸರಿಗೋಸ್ಕರ ನಿಂತರೆ ಉಳಿದವೆಲ್ಲ ನಿಲ್ಲುತ್ತವೆ ಅಲ್ವಾ? ಅದಕ್ಕೇ ಸ್ಕ್ವಿಡ್ ಶುರುವಾಗುವಾಗ ಹೋಸ್ಟ್ಸ್ ಫೈಲ್ ಅನ್ನು ಒಂದು ಸಲ ಓದಿಕೊಳ್ಳುತ್ತದೆ. ನೇಮ್‌ಸರ್ವರ್‌ಗಳ ವಿಳಾಸವನ್ನು ರಿಸಾಲ್ವ್ ಡಾಟ್ ಕಾನ್ಫ್‌ನಿಂದ ಅಥವಾ ತನ್ನ ಕಾನ್ಫಿಗ್‌ನಿಂದ ತೆಗೆದುಕೊಳ್ಳುತ್ತದೆ. ಆಮೇಲೆ ನೇರವಾಗಿ ಡಿಎನ್‌ಎಸ್ ಪ್ಯಾಕೆಟ್ ಕಳಿಸುತ್ತದೆ. ಎನ್‌ಎಸ್‌ಸ್ವಿಚ್ ಫೈಲ್‌ನಲ್ಲಿ ನೀವು ಏನೇ ಬರೆದರೂ ಅದಕ್ಕೆ ಸಂಬಂಧವಿಲ್ಲ.

ಮುಖ್ಯ ವಿಷಯ ಇದು: ಚುಕ್ಕಿ ಇಲ್ಲದ ಹೆಸರಿಗೆ ಸರ್ಚ್ ಡೊಮೈನ್ ಸೇರಿಸುವ ಕೆಲಸವನ್ನು ಸ್ಕ್ವಿಡ್ ತಾನಾಗಿ ಮಾಡುವುದಿಲ್ಲ. ‘ಡಿಎನ್‌ಎಸ್_ಡೆಫ್‌ನೇಮ್ಸ್’ ಅನ್ನುವ ಆಯ್ಕೆ ಮೊದಲಿನಿಂದ ಆಫ್ ಆಗಿರುತ್ತದೆ. ಪ್ರಾಕ್ಸಿಗಳು ಒಂದರ ಹಿಂದೆ ಒಂದು ಸಾಲಾಗಿ ಇರುವಾಗ, ಚುಟುಕು ಹೆಸರಿಗೆ ಪ್ರತಿಯೊಂದೂ ತನ್ನದೇ ಅರ್ಥ ಹಚ್ಚಬಾರದು ಅಂತ ಹೀಗೆ ಇಟ್ಟಿದ್ದಾರೆ. (ಆಯ್ಕೆಗಳ ಹೆಸರನ್ನು ಉಚ್ಚಾರದ ಹಾಗೆ ಬರೆಯುತ್ತಿದ್ದೇನೆ. ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆಯಬೇಕು.)

ಪಿಂಗ್ ಬಿಡಿ, ನೇಮ್‌ಸರ್ವರ್ ಅನ್ನು ನೇರವಾಗಿ ಕೇಳುವ ಡಿಗ್ ಕಮಾಂಡ್ ಬಳಸಿ. ಡಿಗ್ ಕೂಡ ಸುಮ್ನೆ ಓಡಿಸಿದರೆ ಸರ್ಚ್ ಡೊಮೈನ್ ಸೇರಿಸುವುದಿಲ್ಲ. ಸ್ಕ್ವಿಡ್‌ಗೆ ಏನು ಕಾಣುತ್ತದೋ ಹೆಚ್ಚುಕಮ್ಮಿ ಅದೇ ನಿಮಗೂ ಕಾಣುತ್ತದೆ.

ಹೊಸಗುಬ್ಬಿ:

ಸರ್ಚ್ ಸಾಲು ಇದೆ! ‘ಸರ್ಚ್ ಆಫೀಸ್.ಇಂಟರ್ನಲ್’ ಅಂತ. ಡಿಗ್‌ಗೆ ಬರೀ ‘ವಿಕಿ’ ಕೊಟ್ಟರೆ ಎನ್‌ಎಕ್ಸ್‌ಡೊಮೈನ್ (ಅಂಥ ಹೆಸರು ಇಲ್ಲ) ಅಂತ ಬಂತು. ‘ವಿಕಿ.ಆಫೀಸ್.ಇಂಟರ್ನಲ್’ ಕೊಟ್ಟರೆ 192.168.10.20 ಬಂತು. ಆಕ್ಸೆಸ್ ಲಾಗ್‌ನಲ್ಲಿ ಚುಟುಕು ಹೆಸರಿನ ಪ್ರತಿ ಕೋರಿಕೆಗೂ 503 ಎರರ್ ಇದೆ, ಕೊನೆಯಲ್ಲಿ ‘ಹೈಯರ್_ನನ್’ (ಯಾವ ಸರ್ವರ್‌ಗೂ ಹೋಗಿಲ್ಲ) ಅಂತ ಇದೆ. ಬ್ರೌಸರ್‌ನಲ್ಲಿ ಉದ್ದನೆಯ ಹೆಸರು ಹಾಕಿದರೆ ಪುಟ ಬರುತ್ತಿದೆ. ಅಂದರೆ ನೀವು ಹೇಳಿದ್ದೇ ಸರಿ. ಈಗ 40 ಜನರಿಗೂ ಉದ್ದನೆಯ ಹೆಸರೇ ಟೈಪ್ ಮಾಡಿ ಅಂತ ಹೇಳಬೇಕಾ?

ನೀಲಿಕೊಂಡಿ:

ಹೇಳಿದರೆ ಅದೇ ಒಳ್ಳೆಯದು, ಆದರೆ ಯಾರೂ ಕೇಳುವುದಿಲ್ಲ. ಹಳೆಯ ಬುಕ್‌ಮಾರ್ಕ್‌ಗಳು, ಇಮೇಲ್‌ನಲ್ಲಿ ಹಂಚಿದ ಕೊಂಡಿಗಳು ಎಲ್ಲದರಲ್ಲೂ ಚುಟುಕು ಹೆಸರೇ ಇರುತ್ತದೆ. ಹಾಗಾಗಿ ಪ್ರಾಕ್ಸಿಯಲ್ಲೇ ಸರಿಮಾಡಿ.

‘ಅಪೆಂಡ್_ಡೊಮೈನ್’ ಅನ್ನುವ ಆಯ್ಕೆ ಇದೆ. ಅದರ ಮುಂದೆ ‘.ಆಫೀಸ್.ಇಂಟರ್ನಲ್’ ಅಂತ ಕೊಡಿ. ಶುರುವಿನ ಚುಕ್ಕಿ ಬಿಡಬೇಡಿ, ಬಿಟ್ಟರೆ ಸ್ಕ್ವಿಡ್ ಏಳುವುದೇ ಇಲ್ಲ. ಚುಕ್ಕಿ ಇಲ್ಲದ ಹೆಸರು ಬಂದಾಗಲೆಲ್ಲ ಅದು ಈ ಬಾಲವನ್ನು ಸೇರಿಸುತ್ತದೆ. ಇನ್ನೊಂದು ದಾರಿ ಮೇಲೆ ಹೇಳಿದ ‘ಡಿಎನ್‌ಎಸ್_ಡೆಫ್‌ನೇಮ್ಸ್’ ಅನ್ನು ಆನ್ ಮಾಡುವುದು.

ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಒಂದೇ ಅಲ್ಲ. ಡೆಫ್‌ನೇಮ್ಸ್ ಹುಡುಕುವಾಗ ಮಾತ್ರ ಡೊಮೈನ್ ಸೇರಿಸುತ್ತದೆ, ಕೋರಿಕೆಯಲ್ಲಿ ಹೆಸರು ‘ವಿಕಿ’ ಅಂತಲೇ ಉಳಿಯುತ್ತದೆ. ಅಪೆಂಡ್ ಡೊಮೈನ್ ಹೆಸರನ್ನೇ ಬದಲಿಸುತ್ತದೆ. ವೆಬ್ ಸರ್ವರ್‌ಗೆ ಹೋಗುವ ಹೋಸ್ಟ್ ಹೆಡರ್‌ನಲ್ಲೂ (ಯಾವ ಸೈಟ್ ಬೇಕು ಅಂತ ಹೇಳುವ ಸಾಲು) ಉದ್ದನೆಯ ಹೆಸರು ಇರುತ್ತದೆ. ನಿಮ್ಮ ಎಸಿಎಲ್‌ಗಳಲ್ಲಿ (ಯಾವ ಕೋರಿಕೆಗೆ ಯಾವ ನಿಯಮ ಅನ್ನುವ ಪಟ್ಟಿ) ‘ಡಿಎಸ್‌ಟಿಡೊಮೈನ್’ ನಿಯಮಗಳು ನೋಡುವುದೂ ಅದೇ ಉದ್ದನೆಯ ಹೆಸರನ್ನು. ನನಗೆ ಅಪೆಂಡ್ ಡೊಮೈನ್ ಇಷ್ಟ. ‘.ಆಫೀಸ್.ಇಂಟರ್ನಲ್’ ಅಂತ ಒಂದೇ ನಿಯಮ ಬರೆದರೆ ಒಳಗಿನ ಎಲ್ಲ ಸರ್ವರ್‌ಗಳೂ ಅದರಲ್ಲಿ ಬರುತ್ತವೆ.

ಫೈಲ್ ಉಳಿಸಿದ ಮೇಲೆ ಮೊದಲು ‘ಸ್ಕ್ವಿಡ್ -ಕೆ ಪಾರ್ಸ್’ ಓಡಿಸಿ, ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಆಮೇಲೆ ‘ಸ್ಕ್ವಿಡ್ -ಕೆ ರೀಕಾನ್ಫಿಗರ್’.

ಹೊಸಗುಬ್ಬಿ:

ಅಪೆಂಡ್ ಡೊಮೈನ್ ಹಾಕಿದೆ. ಎರರ್ ಪುಟ ಹೋಯಿತು! ಆದರೆ ವಿಕಿಯ ಬದಲು ವೆಬ್ ಸರ್ವರ್‌ನ ಸ್ವಾಗತ ಪುಟ ಬಂತು. ನೀವು ಹೋಸ್ಟ್ ಹೆಡರ್ ಬಗ್ಗೆ ಬರೆದಿದ್ದು ನೆನಪಾಯಿತು. ವಿಕಿ ಓಡುವ ವೆಬ್ ಸರ್ವರ್ ಅಪಾಚಿಯಲ್ಲಿ ಸರ್ವರ್‌ನೇಮ್ ‘ವಿಕಿ’ ಅಂತ ಮಾತ್ರ ಇತ್ತು. ಸರ್ವರ್ ಅಲಿಯಾಸ್‌ನಲ್ಲಿ ಉದ್ದನೆಯ ಹೆಸರು ಸೇರಿಸಿದೆ. ಈಗ ಎರಡು ಹೆಸರಿಗೂ ವಿಕಿ ತೆರೆಯುತ್ತಿದೆ. ತುಂಬ ತುಂಬ ಧನ್ಯವಾದ.

ಅದು ಸರಿ, ಬೆಳಿಗ್ಗೆ ಉದ್ದನೆಯ ಹೆಸರು ಹಾಕಿದಾಗ ವಿಕಿಯೇ ಬಂದಿತ್ತಲ್ಲ ಅಂತ ಅನುಮಾನ ಬಂತು. ಲಾಗ್ ನೋಡಿದರೆ ಆಗ ನನಗೆ ಸಿಕ್ಕಿದ್ದೂ ಸ್ವಾಗತ ಪುಟವೇ. ಎರರ್ ಬರಲಿಲ್ಲ ಅನ್ನುವ ಖುಷಿಯಲ್ಲಿ ಸರಿಯಾಗಿ ನೋಡಿರಲಿಲ್ಲ.

ಜಾಲಗಾರ:

ಒಂದು ಎಚ್ಚರಿಕೆ. ವಿಕಿಯನ್ನು ಮುಂದೆ ಎಚ್‌ಟಿಟಿಪಿಎಸ್‌ಗೆ ಬದಲಿಸಿದರೆ, ಬ್ರೌಸರ್ ಸರ್ಟಿಫಿಕೇಟ್‌ನಲ್ಲಿ ಹುಡುಕುವುದು ಬಳಕೆದಾರ ಟೈಪ್ ಮಾಡಿದ ಹೆಸರನ್ನು. ಪ್ರಾಕ್ಸಿ ಬಾಲ ಸೇರಿಸಿದ್ದು ಬ್ರೌಸರ್‌ಗೆ ಗೊತ್ತಿರುವುದಿಲ್ಲ. ನಿಮ್ಮದೇ ಒಳಗಿನ ಸಿಎ (ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ) ಇದ್ದರೆ ಸರ್ಟಿಫಿಕೇಟ್‌ನಲ್ಲಿ ಎರಡೂ ಹೆಸರು ಹಾಕಿ.

‘.ಇಂಟರ್ನಲ್’ ಆರಿಸಿಕೊಂಡಿದ್ದು ಒಳ್ಳೆಯದಾಯಿತು. 2024ರಲ್ಲಿ ಡೊಮೈನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಅದನ್ನು ಖಾಸಗಿ ಬಳಕೆಗೆ ಅಂತಲೇ ಮೀಸಲಿಟ್ಟಿದೆ. ಹಾಗಾಗಿ ನಾಳೆ ಯಾರೋ ಹೊರಗೆ ಅದೇ ಹೆಸರು ಕೊಂಡುಕೊಂಡು ತೊಂದರೆ ಮಾಡುವ ಭಯವಿಲ್ಲ. ಮನೆಯ ಜಾಲಕ್ಕೆ ‘ಹೋಮ್.ಆರ್ಪಾ’ ಇದೆ, ಅದನ್ನು 2018ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 8375 ಮೀಸಲಿಟ್ಟಿತು.

ಪೆಟ್ಟಿಗೆಮನೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೂ ಇದೇ ಎರರ್, ಆದರೆ ಸ್ಕ್ವಿಡ್ ಡಾಕರ್ ಕಂಟೇನರ್ (ಮಷೀನ್‌ನೊಳಗೇ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ) ಒಳಗಿದೆ. ಹೋಸ್ಟ್ ಮಷೀನ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಹೆಸರುಗಳನ್ನೆಲ್ಲ ಬರೆದಿದ್ದೇನೆ. ಸ್ಕ್ವಿಡ್ ಒಂದನ್ನೂ ನೋಡುತ್ತಿಲ್ಲ.

ಇರುಳುಪಾಳಿ:

ಕಂಟೇನರ್‌ಗೆ ತನ್ನದೇ ಹೋಸ್ಟ್ಸ್ ಫೈಲ್, ತನ್ನದೇ ರಿಸಾಲ್ವ್ ಡಾಟ್ ಕಾನ್ಫ್ ಇರುತ್ತದೆ. ಹೊರಗಿನ ಫೈಲ್ ಅದಕ್ಕೆ ಕಾಣುವುದಿಲ್ಲ. ಒಂದೆರಡು ಹೆಸರಿದ್ದರೆ ಕಂಟೇನರ್ ಶುರು ಮಾಡುವಾಗ ‘ಆಡ್-ಹೋಸ್ಟ್’ ಆಯ್ಕೆ ಕೊಡಿ. ಜಾಸ್ತಿ ಇದ್ದರೆ ಬೇರೆ ಒಂದು ಫೈಲ್ ಮಾಡಿ, ಅದನ್ನು ಒಳಗೆ ಮೌಂಟ್ ಮಾಡಿ, ಸ್ಕ್ವಿಡ್‌ನ ‘ಹೋಸ್ಟ್ಸ್_ಫೈಲ್’ ಆಯ್ಕೆಯಲ್ಲಿ ಅದರ ದಾರಿ ಕೊಡಿ.

ಇಲ್ಲೊಂದು ಸೂಕ್ಷ್ಮ ಇದೆ. ಒಂದೇ ಫೈಲ್ ಅನ್ನು ಮೌಂಟ್ ಮಾಡಿದರೆ, ಕೆಲವು ಎಡಿಟರ್‌ಗಳು ಉಳಿಸುವಾಗ ಹಳೆಯ ಫೈಲ್ ತೆಗೆದು ಹೊಸದನ್ನು ಆ ಜಾಗಕ್ಕೆ ಇಡುತ್ತವೆ. ಕಂಟೇನರ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ನೀವು ಎಷ್ಟು ಸಲ ರೀಕಾನ್ಫಿಗರ್ ಮಾಡಿದರೂ ಹಳೆಯ ಸಾಲುಗಳೇ ಬರುತ್ತವೆ. ಫೈಲ್ ಬದಲು ಅದರ ಫೋಲ್ಡರ್ ಅನ್ನೇ ಮೌಂಟ್ ಮಾಡಿ.

ಫೈಲ್ ಓದುವ ಅನುಮತಿಯನ್ನೂ ನೋಡಿ. ಸ್ಕ್ವಿಡ್ ರೂಟ್ ಆಗಿ ಓಡುವುದಿಲ್ಲ. ಓದಲು ಆಗದಿದ್ದರೆ ಕ್ಯಾಶ್ ಲಾಗ್‌ನಲ್ಲಿ ‘ಪಾರ್ಸ್‌ಇಟಿಸಿಹೋಸ್ಟ್ಸ್’ ಅಂತ ಒಂದು ಸಾಲು ಇರುತ್ತದೆ.

ಪೆಟ್ಟಿಗೆಮನೆ:

ಆ ಎಡಿಟರ್ ವಿಷಯವೇ ಆಗಿತ್ತು! ಫೋಲ್ಡರ್ ಮೌಂಟ್ ಮಾಡಿದ ಮೇಲೆ ಸರಿಹೋಯಿತು. ಇದನ್ನು ನಾನಾಗಿ ಹುಡುಕಲು ಎಂದೂ ಆಗುತ್ತಿರಲಿಲ್ಲ.

ಹೊಸಗುಬ್ಬಿ:

ಮತ್ತೆ ಬಂದಿದ್ದೇನೆ. ನಾಲ್ಕು ದಿನ ಚೆನ್ನಾಗಿತ್ತು. ಈಗ ದಿನಕ್ಕೆ ಐದಾರು ಸಲ ವಿಕಿ ಸಿಗುವುದಿಲ್ಲ ಅಂತ ಜನ ಹೇಳುತ್ತಿದ್ದಾರೆ. ಅದೇ ಹಳೆಯ ಎರರ್ ಪುಟ. ನಾನು ಹೋಗಿ ನೋಡುವಷ್ಟರಲ್ಲಿ ಸರಿಯಾಗಿರುತ್ತದೆ. ಒಮ್ಮೆ ಕಣ್ಣಾರೆ ನೋಡಿದೆ. ಎಫ್5 ಎಷ್ಟು ಒತ್ತಿದರೂ ಅದೇ ಎರರ್. ಸುಮಾರು ಒಂದು ನಿಮಿಷ ಆದ ಮೇಲೆ ತಾನಾಗಿ ಬಂತು. ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಸಮಯಕ್ಕೆ ಹೋಗುತ್ತದೆ, ಒಂದೇ ಸಮಯಕ್ಕೆ ಬರುತ್ತದೆ. ಹೊರಗಿನ ಸೈಟುಗಳಿಗೆ ಏನೂ ಆಗುವುದಿಲ್ಲ.

ಗಂಟುಬಿಡಿಸು:

‘ಸುಮಾರು ಒಂದು ನಿಮಿಷ’ ಅಂದಿರಲ್ಲ, ಅದು ತುಂಬ ಒಳ್ಳೆಯ ಸುಳಿವು. ಒಂದು ಹೆಸರು ಸಿಗಲಿಲ್ಲ ಅಂತಾದರೆ ಸ್ಕ್ವಿಡ್ ಆ ‘ಇಲ್ಲ’ವನ್ನೂ ನೆನಪಿಟ್ಟುಕೊಳ್ಳುತ್ತದೆ. ‘ನೆಗೆಟಿವ್_ಡಿಎನ್‌ಎಸ್_ಟಿಟಿಎಲ್’ ಅಂತ ಆಯ್ಕೆ, ಏನೂ ಹಾಕದಿದ್ದರೆ 1 ನಿಮಿಷ. ಆ ನಿಮಿಷದಲ್ಲಿ ಯಾರು ಕೇಳಿದರೂ ಮತ್ತೆ ಹುಡುಕದೆ ‘ಇಲ್ಲ’ ಅನ್ನುತ್ತದೆ. ಎಲ್ಲರಿಗೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುವುದು ಅದಕ್ಕೇ.

ಹಾಗಾದರೆ ಆಗಾಗ ಯಾರೋ ಸ್ಕ್ವಿಡ್‌ಗೆ ‘ಇಲ್ಲ’ ಅಂತ ಉತ್ತರ ಕೊಡುತ್ತಿದ್ದಾರೆ. ಯಾರು ಅಂತ ಕಂಡುಹಿಡಿಯಬೇಕು. ಸ್ಕ್ವಿಡ್ ಕಾನ್ಫಿಗ್‌ನಲ್ಲಿ ‘ಡಿಎನ್‌ಎಸ್_ನೇಮ್‌ಸರ್ವರ್ಸ್’ ಸಾಲು ಇದೆಯಾ? ಇದ್ದರೆ ಹಾಗೇ ಹಾಕಿ. ಕ್ಯಾಶ್ ಮ್ಯಾನೇಜರ್‌ನಲ್ಲಿ ‘ಐಪಿಕ್ಯಾಶ್’ ಮತ್ತು ‘ಐಡಿಎನ್‌ಎಸ್’ ಪುಟಗಳನ್ನೂ ನೋಡಿ. ಐಪಿಕ್ಯಾಶ್‌ನಲ್ಲಿ ವಿಕಿಯ ಸಾಲಿನ ಪಕ್ಕ ‘ಎನ್’ ಗುರುತು ಇದ್ದರೆ ಅದು ಸಿಗದ ಹೆಸರು. ‘ಎಚ್’ ಇದ್ದರೆ ಹೋಸ್ಟ್ಸ್ ಫೈಲ್‌ನಿಂದ ಬಂದದ್ದು. ಐಡಿಎನ್‌ಎಸ್ ಪುಟದಲ್ಲಿ ಯಾವ ನೇಮ್‌ಸರ್ವರ್‌ಗೆ ಎಷ್ಟು ಪ್ರಶ್ನೆ ಹೋಯಿತು, ಎಷ್ಟು ಉತ್ತರ ಬಂತು ಅಂತ ಇರುತ್ತದೆ.

ಹೊಸಗುಬ್ಬಿ:

ಸಾಲು ಇದೆ. ನಾನು ಹಾಕಿದ್ದಲ್ಲ, ಮೊದಲಿನಿಂದ ಇತ್ತು: ‘ಡಿಎನ್‌ಎಸ್_ನೇಮ್‌ಸರ್ವರ್ಸ್ 192.168.10.1 8.8.8.8’. ಮೊದಲನೆಯದು ನಮ್ಮ ರೂಟರ್, ಒಳಗಿನ ಹೆಸರುಗಳೆಲ್ಲ ಅದರಲ್ಲಿವೆ. ಎರಡನೆಯದು ಗೂಗಲ್‌ನ ಸಾರ್ವಜನಿಕ ನೇಮ್‌ಸರ್ವರ್. ಐಡಿಎನ್‌ಎಸ್ ಪುಟ ನೋಡಿದೆ. ರೂಟರ್‌ಗೆ ಹೋದ ಪ್ರಶ್ನೆಗಳಿಗಿಂತ ಬಂದ ಉತ್ತರಗಳು ಕಡಿಮೆ ಇವೆ. 8.8.8.8ಗೂ ಪ್ರಶ್ನೆಗಳು ಹೋಗಿವೆ. ಅದು ರೂಟರ್ ಕೆಟ್ಟಾಗ ಮಾತ್ರ ಬಳಸುವ ಸ್ಟೆಪ್ನಿ ಅಲ್ವಾ?

ಗಂಟುಬಿಡಿಸು:

ಸಿಕ್ಕಿತು. ಅದು ಸ್ಟೆಪ್ನಿ ಅಲ್ಲ. ಎಲ್ಲರೂ ಹಾಗೇ ಅಂದುಕೊಂಡು ಬರೆಯುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಟ್ಟಿಯಲ್ಲಿರುವ ನೇಮ್‌ಸರ್ವರ್‌ಗಳೆಲ್ಲ ಒಂದೇ ವಿಷಯ ತಿಳಿದಿವೆ ಅಂತ ಡಿಎನ್‌ಎಸ್ ಕ್ಲೈಂಟ್ ನಂಬುತ್ತದೆ. ಸ್ಕ್ವಿಡ್ ಮಾತ್ರ ಅಲ್ಲ, ಬಹುತೇಕ ಕ್ಲೈಂಟ್‌ಗಳು ಹಾಗೇ. ಮೊದಲು ರೂಟರ್‌ಗೆ ಪ್ರಶ್ನೆ ಹೋಗುತ್ತದೆ. 5 ಸೆಕೆಂಡ್ ಒಳಗೆ ಉತ್ತರ ಬರದಿದ್ದರೆ ಅದೇ ಪ್ರಶ್ನೆ ಮುಂದಿನವರಿಗೆ ಹೋಗುತ್ತದೆ. ಮುಂದಿನವರು 8.8.8.8. ಅವರಿಗೆ ನಿಮ್ಮ ಒಳಗಿನ ಹೆಸರು ಹೇಗೆ ಗೊತ್ತಿರಬೇಕು? ‘ಅಂಥ ಹೆಸರು ಇಲ್ಲ’ ಅಂತ ಪ್ರಾಮಾಣಿಕವಾಗಿ ಹೇಳುತ್ತಾರೆ. ಎನ್‌ಎಕ್ಸ್‌ಡೊಮೈನ್ ಅನ್ನುವುದು ಎರರ್ ಅಲ್ಲ, ಅದು ಪೂರ್ತಿ ಉತ್ತರ. ಉತ್ತರ ಸಿಕ್ಕ ಮೇಲೆ ಸ್ಕ್ವಿಡ್ ಇನ್ನೊಬ್ಬರನ್ನು ಯಾಕೆ ಕೇಳಬೇಕು? ಅದನ್ನೇ ಒಂದು ನಿಮಿಷ ಇಟ್ಟುಕೊಳ್ಳುತ್ತದೆ.

ಹೊರಗಿನ ಸೈಟುಗಳಿಗೆ ಏನೂ ಆಗದೇ ಇರುವುದೂ ಇದರಿಂದಲೇ. ಆ ಹೆಸರುಗಳು ಇಬ್ಬರಿಗೂ ಗೊತ್ತು.

ಮೊದಲ ನಾಲ್ಕು ದಿನ ಯಾಕೆ ಚೆನ್ನಾಗಿತ್ತು ಅಂದರೆ, ಬಹುಶಃ ರೂಟರ್ ಮೇಲೆ ಹೊರೆ ಕಡಿಮೆ ಇತ್ತು. ಚಿಕ್ಕ ರೂಟರ್‌ಗಳು ಒಮ್ಮೆಲೇ ಜಾಸ್ತಿ ಪ್ರಶ್ನೆ ಬಂದರೆ ಕೆಲವನ್ನು ಬಿಟ್ಟುಬಿಡುತ್ತವೆ. ಸ್ಕ್ವಿಡ್ ಪ್ರತಿ ಹೆಸರಿಗೂ ಎ (ಐಪಿವಿ4 ವಿಳಾಸ) ಮತ್ತು ಎಎಎಎ (ಐಪಿವಿ6 ವಿಳಾಸ) ಎರಡೂ ಕೇಳುತ್ತದೆ, ಅಂದರೆ ಪ್ರಶ್ನೆಗಳು ಎರಡರಷ್ಟು.

8.8.8.8 ತೆಗೆಯಿರಿ.

ನೀಲಿಕೊಂಡಿ:

ಸುಮ್ನೆ ತೆಗೆದರೆ ಸಾಲದು. ಆಗ ರೂಟರ್ ಸುಸ್ತಾದಾಗ ಎಲ್ಲವೂ ನಿಲ್ಲುತ್ತದೆ. ಈಗ ವಿಕಿ ಮಾತ್ರ ಹೋಗುತ್ತಿದೆ, ಆಗ ಹೊರಗಿನದೂ ಹೋಗುತ್ತದೆ. 40 ಜನ ಒಟ್ಟಿಗೆ ಬಂದು ನಿಂತರೆ ಅವರಿಗೆ ಇನ್ನೂ ಕಷ್ಟ.

ಗಂಟುಬಿಡಿಸು:

ಒಪ್ಪುತ್ತೇನೆ. ಪೂರ್ತಿ ಪರಿಹಾರ ಹೇಳುತ್ತೇನೆ. ‘ಈ ಡೊಮೈನ್‌ಗೆ ಈ ನೇಮ್‌ಸರ್ವರ್, ಉಳಿದದ್ದಕ್ಕೆ ಆ ನೇಮ್‌ಸರ್ವರ್’ ಅಂತ ಹಂಚುವ ಸೌಲಭ್ಯ ಸ್ಕ್ವಿಡ್‌ನಲ್ಲಿ ಇಲ್ಲ. ಆ ಕೆಲಸಕ್ಕೆ ಬೇರೆಯವರು ಬೇಕು. ಪ್ರಾಕ್ಸಿ ಮಷೀನ್ ಮೇಲೆಯೇ ಡಿಎನ್‌ಎಸ್‌ಮಾಸ್ಕ್ ಅಥವಾ ಅನ್‌ಬೌಂಡ್ ಅನ್ನುವ ಡಿಎನ್‌ಎಸ್ ಸರ್ವರ್ ಹಾಕಿ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಮೂರೇ ಸಾಲು, ಕೊನೆಯದು ಅದು ರಿಸಾಲ್ವ್ ಡಾಟ್ ಕಾನ್ಫ್‌ನ ನೇಮ್‌ಸರ್ವರ್‌ಗಳನ್ನು ಬಳಸದಿರಲಿ ಅಂತ:

ಸರ್ವರ್=/ಆಫೀಸ್.ಇಂಟರ್ನಲ್/192.168.10.1
ಸರ್ವರ್=8.8.8.8
ನೋ-ರಿಸಾಲ್ವ್

ಆಫೀಸ್.ಇಂಟರ್ನಲ್‌ನಿಂದ ಮುಗಿಯುವ ಹೆಸರುಗಳು ರೂಟರ್‌ಗೆ ಮಾತ್ರ ಹೋಗುತ್ತವೆ, ಉಳಿದವು ಹೊರಗೆ. ಸ್ಕ್ವಿಡ್‌ನಲ್ಲಿ ‘ಡಿಎನ್‌ಎಸ್_ನೇಮ್‌ಸರ್ವರ್ಸ್ 127.0.0.1’ ಅಂತ ಒಂದೇ ವಿಳಾಸ ಕೊಡಿ. ಹೊರಗಿನ ಪ್ರಶ್ನೆಗಳ ಹೊರೆ ರೂಟರ್ ಮೇಲಿಂದ ಪೂರ್ತಿ ಇಳಿಯುತ್ತದೆ. ವಿಕಿಯಂಥ ನಾಲ್ಕೈದು ಹೆಸರಷ್ಟೇ ಇದ್ದರೆ ಅವನ್ನು ಪ್ರಾಕ್ಸಿ ಮಷೀನ್‌ನ ಹೋಸ್ಟ್ಸ್ ಫೈಲ್‌ನಲ್ಲೇ ಬರೆದುಬಿಡಬಹುದು. ಆಗ ರೂಟರ್ ಬಿದ್ದರೂ ಹೆಸರು ಸಿಗುತ್ತದೆ.

ಜಾಲಗಾರ:

ಡಿಎನ್‌ಎಸ್‌ಮಾಸ್ಕ್ ಹಾಕುವವರಿಗೆ ಒಂದು ಮಾತು. ‘ಸ್ಟಾಪ್-ಡಿಎನ್‌ಎಸ್-ರೀಬೈಂಡ್’ ಆನ್ ಇದ್ದರೆ, ಬೇರೆ ಸರ್ವರ್‌ನಿಂದ 192.168 ತರಹದ ಖಾಸಗಿ ವಿಳಾಸ ಬಂದಾಗ ಆ ಉತ್ತರವನ್ನು ಅದು ತಡೆಯುತ್ತದೆ. ಹೊರಗಿನ ಕೆಟ್ಟ ಸೈಟುಗಳು ಒಳಗಿನ ಮಷೀನ್‌ಗಳನ್ನು ಮುಟ್ಟಬಾರದು ಅಂತ ಈ ಕಾವಲು. ಆದರೆ ನಿಮ್ಮ ವಿಕಿಯ ಉತ್ತರವೂ ಅದೇ ರೀತಿ ಕಾಣುತ್ತದೆ. ‘ರೀಬೈಂಡ್-ಡೊಮೈನ್-ಓಕೆ’ ಸಾಲಿನಲ್ಲಿ ನಿಮ್ಮ ಡೊಮೈನ್ ಹಾಕಿ. ಅನ್‌ಬೌಂಡ್‌ನಲ್ಲಿ ಇದೇ ಕೆಲಸಕ್ಕೆ ‘ಪ್ರೈವೇಟ್-ಡೊಮೈನ್’ ಇದೆ. ಕಾವಲನ್ನೇ ತೆಗೆಯಬೇಡಿ.

ಕಿರುದಾರಿ:

ಒಳಗಿನ ಸೈಟ್ ಅನ್ನು ಪ್ರಾಕ್ಸಿ ಮೂಲಕ ಯಾಕೆ ಕಳಿಸಬೇಕು? ಅದೇ ಜಾಲದಲ್ಲಿದೆ, ಕ್ಯಾಶ್ ಮಾಡಿ ಉಳಿಸುವ ಬ್ಯಾಂಡ್‌ವಿಡ್ತ್ ಏನೂ ಇಲ್ಲ. ಪ್ಯಾಕ್ ಫೈಲ್‌ನಲ್ಲಿ (ಯಾವ ಸೈಟ್‌ಗೆ ಪ್ರಾಕ್ಸಿ ಬೇಕು ಅಂತ ಬ್ರೌಸರ್‌ಗೆ ಹೇಳುವ ಫೈಲ್) ‘ಈಸ್‌ಪ್ಲೇನ್‌ಹೋಸ್ಟ್‌ನೇಮ್’ ಬಳಸಿ ಚುಕ್ಕಿ ಇಲ್ಲದ ಹೆಸರನ್ನು ನೇರವಾಗಿ ಬಿಡಿ. ‘ಡಿಎನ್‌ಎಸ್‌ಡೊಮೈನ್‌ಈಸ್’ ಬಳಸಿ ಉದ್ದನೆಯದನ್ನೂ ಬಿಡಿ. ಈ ಇಡೀ ತಲೆನೋವೇ ಇರುವುದಿಲ್ಲ.

ಇರುಳುಪಾಳಿ:

ಬಳಕೆದಾರರಿಂದ ಸರ್ವರ್‌ಗೆ ನೇರ ದಾರಿ ಇದ್ದರೆ ಇದು ಒಳ್ಳೆಯ ಸಲಹೆ. ನಮ್ಮಲ್ಲಿ ಹಾಗಿಲ್ಲ. ಸರ್ವರ್‌ಗಳು ಬೇರೆ ಜಾಲದಲ್ಲಿವೆ, ಫೈರ್‌ವಾಲ್ ಪ್ರಾಕ್ಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಯಾರು ಯಾವಾಗ ಏನು ನೋಡಿದರು ಅನ್ನುವ ಲಾಗ್ ಒಂದೇ ಕಡೆ ಸಿಗಬೇಕು ಅನ್ನುವುದು ನಿಯಮ. ಅಲ್ಲದೆ ಪ್ಯಾಕ್ ಫೈಲ್ ಬ್ರೌಸರ್‌ಗೆ ಮಾತ್ರ. ಕರ್ಲ್, ಪ್ಯಾಕೇಜ್ ಮ್ಯಾನೇಜರ್, ಸ್ಕ್ರಿಪ್ಟ್‌ಗಳು ಅದನ್ನು ಓದುವುದಿಲ್ಲ, ಅವುಗಳಿಗೆ ‘ನೋ_ಪ್ರಾಕ್ಸಿ’ ಬೇರೆ ಕೊಡಬೇಕು. ಎರಡು ಕಡೆ ಪಟ್ಟಿ ಇಟ್ಟುಕೊಂಡರೆ ಒಂದು ಕಡೆ ಮರೆಯುತ್ತೇವೆ. ಹಾಗಾಗಿ ಪ್ರಾಕ್ಸಿಯಲ್ಲಿ ಹೆಸರು ಸರಿಯಾಗಿ ರಿಸಾಲ್ವ್ ಆಗುವ ಹಾಗೆ ಮಾಡಿಟ್ಟರೆ ಯಾವ ದಾರಿ ಹಿಡಿದರೂ ನಡೆಯುತ್ತದೆ.

‘ಲೋಕಲ್‌ಹೋಸ್ಟ್’ ಒಂದನ್ನು ಮಾತ್ರ ಯಾವಾಗಲೂ ನೇರವಾಗಿ ಬಿಡಿ. ಅದು ಪ್ರಾಕ್ಸಿಗೆ ಹೋದರೆ ಪ್ರಾಕ್ಸಿ ತನ್ನ ಲೋಕಲ್‌ಹೋಸ್ಟ್ ಅನ್ನೇ ತೆರೆಯಲು ಹೋಗುತ್ತದೆ, ನಿಮ್ಮದನ್ನಲ್ಲ. ಪ್ರಾಕ್ಸಿ ಮೇಲಿರುವ ಒಳಗಿನ ಸೇವೆಗಳಿಗೆ ಹೊರಗಿನವರು ಹೀಗೆ ಬಾಗಿಲು ತಟ್ಟಬಾರದು ಅಂತಲೇ ‘ಟು_ಲೋಕಲ್‌ಹೋಸ್ಟ್’ ಡಿನೈ ನಿಯಮ ಇರುವುದು.

ಕಿರುದಾರಿ:

ಸರಿ, ಲಾಗ್ ವಿಷಯ ನಾನು ಯೋಚಿಸಿರಲಿಲ್ಲ. ಹಾಗಾದರೆ ಇನ್ನೊಂದು ಕೇಳುತ್ತೇನೆ. ನಮ್ಮ ಪ್ರಿಂಟರ್‌ನ ಸೆಟ್ಟಿಂಗ್ಸ್ ಪುಟ ‘ಪ್ರಿಂಟರ್.ಲೋಕಲ್’ ಅಂತ ತೆರೆಯುತ್ತದೆ. ಪ್ರಾಕ್ಸಿ ಮೂಲಕ ತೆರೆಯುವುದಿಲ್ಲ. ಯಾವ ಡಿಎನ್‌ಎಸ್ ಸರ್ವರ್‌ನಲ್ಲೂ ಅದನ್ನು ನಾವು ಬರೆದಿಲ್ಲ.

ಗಂಟುಬಿಡಿಸು:

ಅದು ಎಂಡಿಎನ್‌ಎಸ್. ‘.ಲೋಕಲ್’ ಹೆಸರನ್ನು 2013ರ ಆರ್‌ಎಫ್‌ಸಿ 6762 ಅದಕ್ಕೆಂದೇ ಮೀಸಲಿಟ್ಟಿದೆ. ಪ್ರಶ್ನೆ ಒಬ್ಬ ಸರ್ವರ್‌ಗೆ ಹೋಗುವುದಿಲ್ಲ. 224.0.0.251 ವಿಳಾಸ, 5353 ಪೋರ್ಟ್‌ನಲ್ಲಿ ಎಲ್ಲರಿಗೂ ಕೂಗಿ ಕೇಳುತ್ತದೆ, ಆ ಹೆಸರಿನವರು ಓಗೊಡುತ್ತಾರೆ. ಸ್ಕ್ವಿಡ್‌ನಲ್ಲಿ ‘ಡಿಎನ್‌ಎಸ್_ಮಲ್ಟಿಕಾಸ್ಟ್_ಲೋಕಲ್’ ಅನ್ನು ಆನ್ ಮಾಡಿದರೆ ಅದೂ ಹೀಗೆ ಕೇಳುತ್ತದೆ. ಪ್ರಾಕ್ಸಿ ಮತ್ತು ಪ್ರಿಂಟರ್ ಒಂದೇ ಜಾಲದ ತುಂಡಿನಲ್ಲಿ ಇರಬೇಕು, ಈ ಕೂಗು ರೂಟರ್ ದಾಟುವುದಿಲ್ಲ. ಆದರೆ ಪ್ರಿಂಟರ್‌ಗೆ ಕಾಯಂ ಐಪಿ ಕೊಟ್ಟು ಡಿಎನ್‌ಎಸ್‌ನಲ್ಲಿ ಒಂದು ಹೆಸರು ಬರೆದರೆ ಹೆಚ್ಚು ಗಟ್ಟಿ. ನಿಮ್ಮ ಒಳಗಿನ ಡೊಮೈನ್‌ಗೇ ‘.ಲೋಕಲ್’ ಅಂತ ಮಾತ್ರ ಇಡಬೇಡಿ. ಒಂದೇ ಹೆಸರಿಗೆ ಎರಡು ಹುಡುಕಾಟ ನಡೆದು ಯಾವುದು ಗೆದ್ದಿತು ಅಂತ ತಿಳಿಯುವುದಿಲ್ಲ.

ಮರದನೆರಳು:

ನನ್ನ ಅನುಭವವನ್ನೂ ಸೇರಿಸುತ್ತೇನೆ, ಯಾರಿಗಾದರೂ ಬೇಕಾಗಬಹುದು. ನಾನು ಮೊದಲು ಕೆಲಸ ಮಾಡುತ್ತಿದ್ದ ಜಾಗದಲ್ಲಿ ನಮ್ಮ ಸ್ಕ್ವಿಡ್ ಮೇಲೆ ಇನ್ನೊಂದು ಪ್ರಾಕ್ಸಿ ಇತ್ತು. ‘ಕ್ಯಾಶ್_ಪಿಯರ್’ ಪೇರೆಂಟ್ ಅಂತ ಹಾಕಿ, ‘ನೆವರ್_ಡೈರೆಕ್ಟ್’ ಕೊಟ್ಟಿದ್ದೆವು. ಒಳಗಿನ ಹೆಸರುಗಳು ಸಿಗುತ್ತಿರಲಿಲ್ಲ. ನಾನು ಎರಡು ದಿನ ನಮ್ಮ ಡಿಎನ್‌ಎಸ್ ತಿದ್ದಿದೆ. ಅಪೆಂಡ್ ಡೊಮೈನ್, ಹೋಸ್ಟ್ಸ್ ಫೈಲ್ ಎಲ್ಲ ಮಾಡಿದೆ. ಕೊನೆಗೆ ಎರರ್ ಪುಟದ ಕೆಳಗಿನ ಸಾಲು ಓದಿದೆ. ಆ ಪುಟವನ್ನು ತಯಾರಿಸಿದ ಪ್ರಾಕ್ಸಿಯ ಹೆಸರು ಅಲ್ಲಿ ಇರುತ್ತದೆ. ಅದು ನಮ್ಮದಾಗಿರಲಿಲ್ಲ, ಪೇರೆಂಟ್‌ನದು! ನಮ್ಮ ಸ್ಕ್ವಿಡ್ ಹೆಸರು ಹುಡುಕದೆ ಮೇಲಕ್ಕೆ ದಾಟಿಸುತ್ತಿತ್ತು. ಮೇಲಿನವರಿಗೆ ನಮ್ಮ ವಿಕಿ ಗೊತ್ತಿಲ್ಲ.

ಪರಿಹಾರ ಸುಲಭ. ‘.ಆಫೀಸ್.ಇಂಟರ್ನಲ್’ ತರಹ ನಿಮ್ಮ ಡೊಮೈನ್‌ಗೆ ಒಂದು ‘ಡಿಎಸ್‌ಟಿಡೊಮೈನ್’ ಎಸಿಎಲ್ ಮಾಡಿ, ಅದಕ್ಕೆ ‘ಆಲ್ವೇಸ್_ಡೈರೆಕ್ಟ್ ಅಲೋ’ ಕೊಡಿ. ಆ ಹೆಸರುಗಳಿಗೆ ಸ್ಕ್ವಿಡ್ ಪೇರೆಂಟ್ ಹತ್ತಿರ ಹೋಗದೆ ತಾನೇ ಹುಡುಕುತ್ತದೆ. ಮತ್ತೆ, ದಯವಿಟ್ಟು ಪ್ರತಿ ಪ್ರಾಕ್ಸಿಗೂ ‘ವಿಸಿಬಲ್_ಹೋಸ್ಟ್‌ನೇಮ್’ ಬೇರೆ ಬೇರೆ ಇಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಎರರ್ ಪುಟ ಯಾರದು ಅಂತ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ವಯಾ ಹೆಡರ್‌ನಲ್ಲಿ (ಕೋರಿಕೆ ದಾಟಿ ಬಂದ ಪ್ರಾಕ್ಸಿಗಳ ಹೆಸರಿರುವ ಸಾಲು) ತನ್ನದೇ ಹೆಸರು ಕಂಡು ಸ್ಕ್ವಿಡ್ ಅದನ್ನು ಸುತ್ತು ಅಂದುಕೊಳ್ಳುತ್ತದೆ.

ಪೆಟ್ಟಿಗೆಮನೆ:

ಇನ್ನೊಂದು ಪ್ರಶ್ನೆ. ಬ್ರೌಸರ್‌ನಲ್ಲಿ ಏನೂ ಸೆಟ್ ಮಾಡದೆ, ಟ್ರಾಫಿಕ್ ಅನ್ನು ದಾರಿಯಲ್ಲೇ ಹಿಡಿದು ಸ್ಕ್ವಿಡ್‌ಗೆ ತಿರುಗಿಸಿದರೆ ಆಗ ಹೆಸರು ಯಾರು ಹುಡುಕುತ್ತಾರೆ?

ಜಾಲಗಾರ:

ಆಗ ಇಬ್ಬರೂ. ಇಂಟರ್‌ಸೆಪ್ಟ್ ಮಾಡುವಾಗ ಬ್ರೌಸರ್‌ಗೆ ಪ್ರಾಕ್ಸಿ ಇರುವುದೇ ಗೊತ್ತಿಲ್ಲ, ಅದು ತಾನೇ ಐಪಿ ಹುಡುಕಿ ಹೊರಡುತ್ತದೆ. ಸ್ಕ್ವಿಡ್ ಆ ಕನೆಕ್ಷನ್ ಹಿಡಿದು, ಹೋಸ್ಟ್ ಹೆಡರ್‌ನಲ್ಲಿರುವ ಹೆಸರನ್ನು ತಾನೂ ಹುಡುಕುತ್ತದೆ. ಬ್ರೌಸರ್ ಹೊರಟಿದ್ದ ಐಪಿ ತನಗೆ ಸಿಕ್ಕ ಪಟ್ಟಿಯಲ್ಲಿ ಇಲ್ಲದಿದ್ದರೆ ಕ್ಯಾಶ್ ಲಾಗ್‌ನಲ್ಲಿ ‘ಹೋಸ್ಟ್ ಹೆಡರ್ ಫೋರ್ಜರಿ’ ಅಂತ ಎಚ್ಚರಿಕೆ ಬರೆಯುತ್ತದೆ. 3.2 ಆವೃತ್ತಿಯಿಂದ ಈ ಪರೀಕ್ಷೆ ಇದೆ. ಹೆಸರು ಓದಿ ಗಾಬರಿಯಾಗಬೇಡಿ. ಎಷ್ಟೋ ಸಲ ಅದು ದಾಳಿ ಅಲ್ಲ, ಬಳಕೆದಾರರು ಒಂದು ಡಿಎನ್‌ಎಸ್ ಕೇಳುತ್ತಿದ್ದಾರೆ, ಸ್ಕ್ವಿಡ್ ಇನ್ನೊಂದನ್ನು ಕೇಳುತ್ತಿದೆ, ಅಷ್ಟೇ. ಇಬ್ಬರಿಗೂ ಒಂದೇ ಡಿಎನ್‌ಎಸ್ ಸರ್ವರ್ ಕೊಡಿ.

ಹೊಸಗುಬ್ಬಿ:

ಎಲ್ಲರಿಗೂ ಮತ್ತೆ ನಮಸ್ಕಾರ. ಡಿಎನ್‌ಎಸ್‌ಮಾಸ್ಕ್ ಹಾಕಿ ಎರಡು ವಾರ ಆಯಿತು. ಆ ಎರಡು ವಾರದ ಲಾಗ್‌ನಲ್ಲಿ ವಿಕಿಗೆ ಒಂದೂ 503 ಇಲ್ಲ. ಇವತ್ತು ಬೆಳಿಗ್ಗೆ ಮಾತ್ರ ಒಂದು ಬೇರೆ ರೀತಿ ಆಯಿತು. ವಿಕಿಯನ್ನು ಹೊಸ ಮಷೀನ್‌ಗೆ ಬದಲಿಸಿದೆ, ವಿಳಾಸ 192.168.10.30. ರೂಟರ್‌ನಲ್ಲಿ ಹೊಸ ವಿಳಾಸ ಬರೆದೆ. ಪ್ರಾಕ್ಸಿ ಮೇಲೆ ಡಿಎನ್‌ಎಸ್‌ಮಾಸ್ಕ್ ರೀಸ್ಟಾರ್ಟ್ ಮಾಡಿದೆ. ಡಿಗ್ ಕೊಟ್ಟರೆ ಹೊಸ ವಿಳಾಸ ಬರುತ್ತದೆ. ಸ್ಕ್ವಿಡ್ ಮಾತ್ರ ಹಳೆಯ ಮಷೀನ್‌ಗೇ ಹೋಗುತ್ತಿತ್ತು. ಸ್ಕ್ವಿಡ್ ಅನ್ನೂ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಎಲ್ಲರ ಡೌನ್‌ಲೋಡ್‌ಗಳೂ ಅರ್ಧಕ್ಕೆ ನಿಂತವು, ಅದು ಬೇಜಾರು. ಮುಂದಿನ ಸಲ ಹೇಗೆ ಮಾಡಲಿ?

ಗಂಟುಬಿಡಿಸು:

ಸಿಕ್ಕ ಹೆಸರನ್ನೂ ಸ್ಕ್ವಿಡ್ ನೆನಪಿಟ್ಟುಕೊಳ್ಳುತ್ತದೆ, ಡಿಎನ್‌ಎಸ್ ಉತ್ತರದಲ್ಲಿ ಬಂದ ಟಿಟಿಎಲ್ (ಉತ್ತರವನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಅನ್ನುವ ಅಂಕಿ) ಮುಗಿಯುವ ತನಕ. ಟಿಟಿಎಲ್ ಎಷ್ಟೇ ಉದ್ದ ಇದ್ದರೂ ‘ಪಾಸಿಟಿವ್_ಡಿಎನ್‌ಎಸ್_ಟಿಟಿಎಲ್’ ದಾಟುವುದಿಲ್ಲ, ಅದು ಸುಮ್ನೆ ಬಿಟ್ಟರೆ 6 ಗಂಟೆ. ನಿಮ್ಮ ರೂಟರ್ ವಿಕಿಗೆ ಎಷ್ಟು ಟಿಟಿಎಲ್ ಕೊಡುತ್ತಿದೆ ಅಂತ ಡಿಗ್ ಉತ್ತರದಲ್ಲಿ ಹೆಸರಿನ ಪಕ್ಕದ ಅಂಕಿಯಲ್ಲಿ ನೋಡಿ. 86400 ಇದ್ದರೆ ಒಂದು ದಿನ.

ಬದಲಿಸುವ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿ. ಹಳೆಯ ಟಿಟಿಎಲ್‌ನ ಉತ್ತರಗಳೆಲ್ಲ ರಾತ್ರಿಯಲ್ಲೇ ಮುಗಿದಿರುತ್ತವೆ. ಬೆಳಿಗ್ಗೆ ವಿಳಾಸ ಬದಲಿಸಿದರೆ ಐದು ನಿಮಿಷದಲ್ಲಿ ಸ್ಕ್ವಿಡ್ ಹೊಸ ಕಡೆ ತಿರುಗುತ್ತದೆ, ರೀಸ್ಟಾರ್ಟ್ ಬೇಕಿಲ್ಲ. ಎರಡು ದಿನ ನೋಡಿ ಟಿಟಿಎಲ್ ಮತ್ತೆ ಏರಿಸಿ. ಹೆಸರು ಹೋಸ್ಟ್ಸ್ ಫೈಲ್‌ನಲ್ಲಿದ್ದರೆ ಮಾತ್ರ ಟಿಟಿಎಲ್ ಲೆಕ್ಕಕ್ಕಿಲ್ಲ. ಫೈಲ್ ತಿದ್ದಿದ ಮೇಲೆ ‘-ಕೆ ರೀಕಾನ್ಫಿಗರ್’ ಕೊಡಲೇಬೇಕು, ಅಲ್ಲಿಯವರೆಗೆ ಹಳೆಯದೇ.

ಹೊಸಗುಬ್ಬಿ:

ನೋಡಿದೆ, 86400 ಇದೆ. ಶುಕ್ರವಾರ ಫೈಲ್ ಸರ್ವರ್ ಬದಲಿಸುವುದಿದೆ. ಅದರದ್ದನ್ನು ಗುರುವಾರ ಬೆಳಿಗ್ಗೆಯೇ 300 ಮಾಡುತ್ತೇನೆ. ಹೇಗಾಯಿತು ಅಂತ ಇಲ್ಲೇ ಬರೆಯುತ್ತೇನೆ.